ಹಾರೋಹಳ್ಳಿ ಮುಟ್ಟದ ಕೇಬಲ್

ಪಟ್ಟಿಯಲ್ಲಿ ನಮ್ಮ ಕಂಪನಿಯ ಹೆಸರಿನ ಕೆಳಗೆ ಎರಡು ಊರುಗಳಿದ್ದವು: ಬಿಡದಿ ಮತ್ತು ಹಾರೋಹಳ್ಳಿ. ಈ ಎರಡು ಕಡೆ ನಮ್ಮ ಜಾಲ ಬೇರೆ ಕಂಪನಿಗಳ ಜಾಲದ ಜೊತೆ ಕೂಡುತ್ತದೆ ಎಂದು ಅದರ ಅರ್ಥ. ಬಿಡದಿಯದು ನಿಜ. ಹಾರೋಹಳ್ಳಿಯದು ಸುಳ್ಳು. ಆ ಸುಳ್ಳನ್ನು ಅಳಿಸಿದವಳು ನಾನು. ಅದಕ್ಕಾಗಿ ಕೆಲಸ ಕಳೆದುಕೊಂಡವರು ನಮ್ಮ ಲೈನ್‌ಮನ್. ಇಷ್ಟು ವರ್ಷವಾದರೂ ನನ್ನ ಸಿಟ್ಟು ಇಳಿದಿಲ್ಲ. ಅದರಲ್ಲಿ ಒಂದು ಪಾಲು ನನ್ನ ಮೇಲೆಯೇ ಇದೆ.

ಎಲೆಕ್ಟ್ರಾನಿಕ್ಸಿನಲ್ಲಿ ಎಂ.ಎಸ್ಸಿ. ಮುಗಿಸಿ ರಾಮನಗರದ ಸಣ್ಣದೊಂದು ಇಂಟರ್‌ನೆಟ್ ಕಂಪನಿಗೆ ಸೇರಿದ್ದೆ. ಎರಡು ಸಾವಿರದ ದಶಕದ ನಡುಭಾಗ. ರೇಷ್ಮೆ ಗೂಡಿನ ಮಾರುಕಟ್ಟೆಯ ಹತ್ತಿರ ಒಂದು ಕಟ್ಟಡದ ಮೇಲಿನ ಮಹಡಿ ನಮ್ಮ ಆಫೀಸು. ಕಿಟಕಿ ತೆರೆದರೆ ಗೂಡು ಬೇಯಿಸುವ ವಾಸನೆ, ಮುಚ್ಚಿದರೆ ಸೆಕೆ. ಸೈಬರ್ ಸೆಂಟರುಗಳು, ಎರಡು ಕಾಲೇಜು, ಚನ್ನಪಟ್ಟಣದಲ್ಲಿ ಬೊಂಬೆ ಹೊರದೇಶಕ್ಕೆ ಕಳಿಸುವ ಕೆಲವರು, ಹಾರೋಹಳ್ಳಿಯಲ್ಲಿ ಒಂದರ ಹಿಂದೊಂದು ಎದ್ದು ನಿಲ್ಲುತ್ತಿದ್ದ ಕಾರ್ಖಾನೆಗಳು ನಮ್ಮ ಗಿರಾಕಿಗಳು. ಆಫೀಸಿನಲ್ಲಿ ನಾನೊಬ್ಬಳೇ ಹೆಂಗಸು. ಮಾತು ಕಡಿಮೆ. ನನ್ನ ಮೇಜಿನ ಹತ್ತಿರ ಯಾರೂ ಹರಟೆಗೆ ಬರುತ್ತಿರಲಿಲ್ಲ, ನನಗೂ ಅದೇ ಬೇಕಾಗಿತ್ತು.

ಪಟ್ಟಿ ಯಾವುದೆಂದು ಹೇಳಬೇಕು. ಇಂಟರ್‌ನೆಟ್ ಅಂದರೆ ಒಂದೇ ಜಾಲವಲ್ಲ. ಸಾವಿರಾರು ಕಂಪನಿಗಳ ಜಾಲಗಳು ಅಲ್ಲಲ್ಲಿ ಒಂದಕ್ಕೊಂದು ಗಂಟು ಹಾಕಿಕೊಂಡಿರುತ್ತವೆ. ಆ ಗಂಟಿಗೆ ನಾವು ಕೂಡು ಎನ್ನುತ್ತಿದ್ದೆವು. ಯಾರು ಯಾವ ಊರಿನಲ್ಲಿ ಯಾರ ಜೊತೆ ಕೂಡುತ್ತಾರೆ, ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಎಲ್ಲರೂ ಸೇರಿ ಬರೆದಿಡುವ ಪಟ್ಟಿ ಅದು. ಯಾರು ಬೇಕಾದರೂ ನೋಡಬಹುದು. ಪ್ರತಿ ಕಂಪನಿಯೂ ತನ್ನ ವಿವರವನ್ನು ತಾನೇ ತುಂಬುತ್ತದೆ. ಅದು ಸರಿಯಿದೆಯೇ ಎಂದು ಪರೀಕ್ಷಿಸುವವರು ಸ್ವಯಂಸೇವಕರು. ಬೇರೆ ಬೇರೆ ದೇಶಗಳಲ್ಲಿ ನಮ್ಮಂಥದೇ ಕೆಲಸ ಮಾಡುವವರು ಬಿಡುವಿನ ವೇಳೆಯಲ್ಲಿ ಇದನ್ನು ಮಾಡುತ್ತಿದ್ದರು. ಸಂಬಳವಿಲ್ಲ, ಹೆಸರೂ ಇಲ್ಲ. ನನಗೆ ಹಿಡಿಸಿದ್ದೇ ಅದು. ಮನೆಯಲ್ಲಿ ಯಾರಿಗೂ ಹೇಳದೆ ನಾನೂ ಅವರಲ್ಲಿ ಒಬ್ಬಳಾದೆ. ಕಾಣದ ಊರುಗಳ ಜಾಲಗಳನ್ನು ಪರೀಕ್ಷಿಸಿ ತಪ್ಪು ತೋರಿಸುತ್ತಿದ್ದೆ. ನಮ್ಮ ಕಂಪನಿಯ ವಿವರ ನೋಡಿಕೊಳ್ಳುವ ಕೆಲಸವೂ ನನ್ನ ಪಾಲಿಗೇ ಬಂತು, ಏಕೆಂದರೆ ಬೇರೆ ಯಾರಿಗೂ ಅದು ಬೇಕಿರಲಿಲ್ಲ.

ಒಂದು ದಿನ ಯಾವುದೋ ದೂರದ ದೇಶದ ಸ್ವಯಂಸೇವಕರೊಬ್ಬರಿಂದ ನಾಲ್ಕು ಸಾಲಿನ ಮೇಲ್ ಬಂತು. ನಿಮ್ಮ ಹಾರೋಹಳ್ಳಿಯ ಕೂಡು ಇನ್ನೂ ಇದೆಯೇ, ದಯವಿಟ್ಟು ನೋಡಿ ತಿಳಿಸಿ ಎಂದು. ‘ಸರಿಯಿದೆ’ ಎಂದು ಒತ್ತಿಬಿಟ್ಟರೆ ಮುಗಿಯುತ್ತಿತ್ತು. ನನಗಿಂತ ಮೊದಲು ಆ ಕುರ್ಚಿಯಲ್ಲಿ ಕೂತವರು ಎರಡು ಸಲ ಹಾಗೇ ಒತ್ತಿದ್ದರು, ದಾಖಲೆಯಲ್ಲಿ ಕಾಣುತ್ತಿತ್ತು. ಒಂದು ಸಲವೂ ಯಾರೂ ಪರೀಕ್ಷಿಸಿರಲಿಲ್ಲ.

ನಾನು ಪರೀಕ್ಷಿಸಿದೆ. ರಾಮನಗರದಿಂದ ಹಾರೋಹಳ್ಳಿಯಲ್ಲಿರುವ ನಮ್ಮ ಯಂತ್ರದ ಪೆಟ್ಟಿಗೆಗೆ ಒಂದು ಸಣ್ಣ ಸಂದೇಶ ಕಳಿಸಿದರೆ ಅದು ದಾರಿಯಲ್ಲಿ ಯಾವ ಯಾವ ಯಂತ್ರಗಳನ್ನು ಮುಟ್ಟಿತು ಎಂದು ತೆರೆಯ ಮೇಲೆ ಸಾಲಾಗಿ ಬರುತ್ತದೆ. ನಮ್ಮ ನಕ್ಷೆಯ ಪ್ರಕಾರ ಅದು ಬಿಡದಿ, ಬೈರಮಂಗಲದ ಮೇಲೆ ನೇರ ಹೋಗಬೇಕು. ಆದರೆ ಅದು ಬಿಡದಿಯಿಂದ ಬೆಂಗಳೂರಿಗೆ ಹೋಗಿ, ಅಲ್ಲಿ ಇನ್ನೊಂದು ಕಂಪನಿಯ ಜಾಲ ಹತ್ತಿ, ಕನಕಪುರ ರಸ್ತೆಯಲ್ಲಿ ಇಳಿದು ಹಾರೋಹಳ್ಳಿಗೆ ಬರುತ್ತಿತ್ತು. ಹತ್ತು ಸಲ ಕಳಿಸಿದೆ. ಹತ್ತು ಸಲವೂ ಅದೇ ಸುತ್ತು.

ಇದರ ಅರ್ಥ ಸರಳ. ಹಾರೋಹಳ್ಳಿಯ ಕಾರ್ಖಾನೆಗಳು ಕನಕಪುರ ರಸ್ತೆಯ ಆ ಕಂಪನಿಯಿಂದ ಒಂದು ಕನೆಕ್ಷನ್ ತೆಗೆದುಕೊಂಡು, ಅದು ಕೆಟ್ಟರೆ ಇರಲಿ ಎಂದು ನಮ್ಮಿಂದ ಇನ್ನೊಂದನ್ನು ತೆಗೆದುಕೊಂಡಿದ್ದವು. ನಾವೋ ಅದೇ ಕಂಪನಿಯ ತಂತಿಯನ್ನೇ ಬಾಡಿಗೆಗೆ ಪಡೆದು ಅವರಿಗೆ ಕೊಡುತ್ತಿದ್ದೆವು. ಒಂದು ಕಡಿದರೆ ಎರಡೂ ಸತ್ತಂತೆ.

ಬೈರಮಂಗಲದ ಕೇಬಲ್ ಎಲ್ಲಿ ಹೋಯಿತು ಎಂದು ನೋಡಲು ಹೊರಟೆ. ದಾರಿ ತೋರಿಸಿದವರು ಲೈನ್‌ಮನ್. ಆ ಕಡೆಯವರೇ, ಐವತ್ತರ ಹತ್ತಿರದ ವಯಸ್ಸು. ಟಿ.ವಿ. ಕೇಬಲ್ ಎಳೆಯುವ ಕೆಲಸದಿಂದ ನಮ್ಮಲ್ಲಿಗೆ ಬಂದವರು. ಐದು ವರ್ಷದಿಂದ ಗುತ್ತಿಗೆಯ ಮೇಲಿದ್ದರು. ಆ ಯುಗಾದಿಗೆ ಖಾಯಂ ಮಾಡುತ್ತೇವೆಂದು ಮ್ಯಾನೇಜರ್ ಮಾತು ಕೊಟ್ಟಿದ್ದರು. ಬಿಡದಿಯಲ್ಲಿ ಬಸ್ಸಿಳಿದ ನನ್ನನ್ನು ತಮ್ಮ ಮೊಪೆಡ್ಡಿನಲ್ಲಿ ಕೂರಿಸಿಕೊಂಡು ಹೋಗುವಾಗ ಅವರು ಆಡಿದ ಮಾತೆಲ್ಲ ಅದೇ.

“ಖಾಯಂ ಆದ್ರೆ ನಮ್ಮೆಂಗುಸ್ರು ಮಾದಪ್ಪನ ಬೆಟ್ಟಕ್ಕೆ ಕರ್ಕೊಂಡೋಗು ಅಂತ ಈಗ್ಲೇ ಕುಂತವ್ಳೆ ಕಣವ್ವ. ನಾನಂದೆ, ತಡಿಯೇ, ಮದ್ಲು ಕಾಗ್ದ ಕೈಗ್ ಬರ್ಲಿ, ಆಮೇಕೆ ನಡ್ಕೊಂಡೇ ಓಗನ ಅಂತ.”

ಬೈರಮಂಗಲ ಕೆರೆಯ ನೊರೆಯ ನಾತ ಮೂಗಿಗೆ ಬಡಿಯುವಲ್ಲಿ ಗಾಡಿ ನಿಲ್ಲಿಸಿದರು. ರಸ್ತೆಯ ಪಕ್ಕದಲ್ಲಿ ಮೊಳಕಾಲೆತ್ತರದ ಗುರುತಿನ ಕಲ್ಲುಗಳು ನೆಟ್ಟಿದ್ದವು. ಕೆಳಗೆ ಕೇಬಲ್ ಇದೆ, ಅಗೆಯಬೇಡಿ ಎಂದು ತಿಳಿಸುವ ಕಲ್ಲುಗಳು. ಅವು ಹಿಪ್ಪುನೇರಳೆ ತೋಟವೊಂದರ ಅಂಚಿನಲ್ಲಿ ಸಾಲಾಗಿ ಹಾರೋಹಳ್ಳಿಯ ದಿಕ್ಕಿಗೆ ಹೋಗಿದ್ದವು.

“ಇಲ್ಲಿ ಕೇಬಲ್ ಇದೆಯಾ ಅಣ್ಣ?”

“ಇಲ್ಲ ಕಣವ್ವ. ಇಲ್ಲಿಗಂಟ ಬಂದು ನಿಂತೈತೆ. ಮುಂದಕ್ಕೆ ಬರೀ ಕಲ್ಲು.”

ಅವರು ಅದನ್ನು ಮುಚ್ಚಿಡುವ ವಿಷಯವೆಂದು ಭಾವಿಸಿರಲೇ ಇಲ್ಲ. ಊಟವಾಯಿತೇ ಎಂದು ಕೇಳಿದರೆ ಹೇಳುವಷ್ಟು ಸಹಜವಾಗಿ ಹೇಳಿದರು. ನಾನು ಯಾಕೆ ಎಂದು ಕೇಳುವಷ್ಟರಲ್ಲಿ ತೋಟದ ಯಜಮಾನಿ, ಸೊಪ್ಪಿನ ಕುಕ್ಕೆ ಸೊಂಟಕ್ಕಿಟ್ಟುಕೊಂಡ ಅಜ್ಜಿ, ಬೇಲಿಯ ಆ ಕಡೆಯಿಂದಲೇ ಗದರಿದರು.

“ಏನ್ಲಾ, ತಿರ್ಗ ಬಂದ್ಯಾ ಅಗೆಯಾಕೆ? ಹುಳ ನಾಕ್ನೇ ಜ್ವರ ಎದ್ದವೆ, ಯೋಳಿವ್ನಿ!”

“ಇಲ್ಲ ಕಣಮ್ಮೋ, ಮೇಡಮ್ಮೋರ್ಗೆ ತೋರ್ಸಕ್ ಬಂದೆ.”

“ತೋರ್ಸು, ತೋರ್ಸು. ಆ ಕಲ್ಲಿಗೊಂದು ಅರಿಶಿನ ಕುಂಕುಮ ಇಕ್ಬುಟ್ಟು ಓಗಿ. ಅಡ್ಡಬೀಳೋಕಾದ್ರೂ ಆಯ್ತದೆ.”

ನಡೆದದ್ದು ಇಷ್ಟೇ. ರೇಷ್ಮೆ ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ತಿನ್ನದೆ ಮಂಕಾಗಿ ಮಲಗುವುದರಿಂದ ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳ ಹಗಲಿರುಳು ಸೊಪ್ಪು ತಿನ್ನುತ್ತದೆ. ಆ ವಾರದಲ್ಲಿ ಸೊಪ್ಪಿನ ಮೇಲೆ ಧೂಳು ಕೂತರೆ ಇಡೀ ಬೆಳೆ ಹೋಯಿತು. ಕೇಬಲ್ ಗುಂಡಿ ತೋಡುವ ಗುಂಪು ಈ ತೋಟದ ಅಂಚಿಗೆ ಬಂದದ್ದು ಸರಿಯಾಗಿ ಅಂಥ ವಾರದಲ್ಲಿ. ಹುಳವನ್ನು ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಬಿಡುವ ತನಕ ತಡೆಯಿರಿ ಎಂದು ಅಜ್ಜಿ ಕೇಳಿಕೊಂಡರು. ಯಾರೂ ಜಗಳವಾಡಲಿಲ್ಲ. ಹುಳ ಎದ್ದಿರುವ ತೋಟದಲ್ಲಿ ಮಣ್ಣೆಬ್ಬಿಸುವವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ಒಂದು ವಾರವಲ್ಲವೇ ಎಂದು ಆ ಗುಂಪು ಮಾಗಡಿ ಕಡೆಯ ಬೇರೆ ಕೆಲಸಕ್ಕೆ ಹೋಯಿತು. ಕಲ್ಲು ನೆಡುವ ಗುಂಪು ಬೇರೆ. ಅವರದು ಸಣ್ಣ ಗುಂಡಿ, ಧೂಳಿಲ್ಲ. ಅವರು ಹಾರೋಹಳ್ಳಿಯವರೆಗೂ ಕಲ್ಲು ನೆಟ್ಟು ಹೋದರು. ಆಮೇಲೆ ತೋಡುವವರು ಬಂದಾಗೆಲ್ಲ ತೋಟದಲ್ಲಿ ಮುಂದಿನ ಬೆಳೆಯ ಹುಳ ಎದ್ದಿರುತ್ತಿತ್ತು. ಮೂರನೆಯ ಸಲದ ನಂತರ ಅವರು ಬರಲೇ ಇಲ್ಲ.

ಇದರಲ್ಲಿ ಮೋಸವಿರಲಿಲ್ಲ. ಮೋಸ ಶುರುವಾದದ್ದು ನಮ್ಮ ಆಫೀಸಿನಲ್ಲಿ. ಮ್ಯಾನೇಜರಿಗೆ ಎಲ್ಲವೂ ಗೊತ್ತಿತ್ತು. ಕನಕಪುರ ರಸ್ತೆಯ ತಂತಿಯನ್ನು ಬಾಡಿಗೆಗೆ ತೆಗೆದುಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದವರೇ ಅವರು. ಗೊತ್ತಿದ್ದೂ ಪಟ್ಟಿಯಲ್ಲಿ ಎರಡು ಕೂಡು ಎಂದು ಬರೆಸಿದರು. ಕಾರ್ಖಾನೆಯವರು ಅದನ್ನು ನಂಬಿ ಬಂದರು.

ಅಂದೇ ಮಧ್ಯಾಹ್ನ ಆಫೀಸಿಗೆ ಹಿಂದಿರುಗಿ ಹಾರೋಹಳ್ಳಿಯ ಸಾಲನ್ನು ಅಳಿಸಿದೆ. ಕಾರಣ ಬರೆಯುವ ಜಾಗದಲ್ಲಿ ಬರೆದೆ: ಕೇಬಲ್ ಬೈರಮಂಗಲದ ಬಳಿ ನಿಂತಿದೆ, ಮುಂದೆ ಗುರುತಿನ ಕಲ್ಲು ಮಾತ್ರ, ಸ್ಥಳಕ್ಕೆ ಹೋಗಿ ನೋಡಿದ್ದೇನೆ, ನಮ್ಮ ಲೈನ್‌ಮನ್ ತಿಳಿಸಿದ್ದಾರೆ. ಅದೆಷ್ಟು ನಿಖರವಾಗಿ ಬರೆದೆ ಎಂದು ನನಗೇ ಸಮಾಧಾನವಾಯಿತು. ಲೈನ್‌ಮನ್ನರಿಗೆ ಒಂದು ಫೋನ್ ಮಾಡಬೇಕೆಂದು ಹೊಳೆಯಲೇ ಇಲ್ಲ. ಪಟ್ಟಿ ಅವರಿಗೆ ಸಂಬಂಧಿಸಿದ್ದಲ್ಲ ಎಂದುಕೊಂಡಿದ್ದೆ. ಅದರೊಳಗೆ ಅವರನ್ನು ಸಾಕ್ಷಿಯಾಗಿ ನಿಲ್ಲಿಸಿದವಳು ನಾನೇ.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಕರೆದರು. ಲೈನ್‌ಮನ್ ಆಗಲೇ ಅಲ್ಲಿ ನಿಂತಿದ್ದರು. ಮ್ಯಾನೇಜರ್ ಅವರಿಗಿಂತ ಹದಿನೈದು ವರ್ಷವಾದರೂ ಚಿಕ್ಕವರು.

“ಏನಯ್ಯ, ಕೇಬಲ್ ಇಲ್ಲ ಅಂತ ಈ ಮೇಡಂಗೆ ಹೇಳಿದ್ದು ನೀನೇನಾ?”

“ಹೂಂ ಸಾ. ಇಲ್ವಲ್ಲ ಸಾ.”

“ಇಲ್ಲ ಅಂದ್ರೆ ಲೈನ್ ಮುಗಿದಿದೆ ಅಂತ ಸೈನ್ ಹಾಕಿದ್ಯಲ್ಲ, ಅದೇನು? ಕಂಪನಿಗೆ ಮೋಸ ಮಾಡಿದ್ದು ಯಾರು ಹಾಗಾದ್ರೆ?”

ಲೈನ್‌ಮನ್ ನನ್ನ ಕಡೆ ನೋಡಿದರು. ಮ್ಯಾನೇಜರ್ ನನ್ನ ಕಡೆ ತಿರುಗಿ ದನಿ ಮೆತ್ತಗೆ ಮಾಡಿಕೊಂಡರು.

“ನೋಡಮ್ಮ, ನೀವು ಓದಿದವರು. ಕಂಪನಿ ವಿಷಯ ಪ್ರಪಂಚಕ್ಕೆಲ್ಲ ಹೇಳೋ ಮೊದ್ಲು ನನ್ನ ಕೇಳ್ಬೇಕಲ್ವಾ? ಇಂಥವರ ಮಾತು ಕೇಳ್ಕೊಂಡು ಬರೆದುಬಿಟ್ರಿ. ನಾನು ವಾಪಸ್ ಸರಿ ಮಾಡಿಸಿದೀನಿ ಬಿಡಿ.” ಮತ್ತೆ ಅವರ ಕಡೆ ತಿರುಗಿ, “ನೀನು ನಾಳೆಯಿಂದ ಬರ್ಬೇಡ,” ಎಂದರು.

ಸರಿ ಮಾಡಿಸಿದ್ದೇನೆ ಎಂದರೆ ಹಾರೋಹಳ್ಳಿಯನ್ನು ಮತ್ತೆ ಪಟ್ಟಿಗೆ ಸೇರಿಸಿದ್ದರು. ನಾನು ಬಾಯಿ ತೆರೆಯಲಿಲ್ಲ. ಆ ಕೋಣೆಯಲ್ಲಿ ಹೇಳಬೇಕಾಗಿದ್ದುದೆಲ್ಲ ನನಗೆ ಗೊತ್ತಿತ್ತು, ಒಂದಕ್ಷರವೂ ಹೊರಡಲಿಲ್ಲ. ನನ್ನ ಮೌನವನ್ನು ಗಾಂಭೀರ್ಯವೆಂದು ಹೊಗಳುತ್ತಿದ್ದವರಿದ್ದರು. ಅದು ಎಷ್ಟು ಹೊಲಸಾಗಿರಬಲ್ಲದು ಎಂದು ಅವತ್ತು ಗೊತ್ತಾಯಿತು.

ಮೆಟ್ಟಿಲಿಳಿದು ಅವರ ಹಿಂದೆ ಓಡಿದೆ. ಅವರು ಮೊಪೆಡ್ಡಿನ ಸ್ಟ್ಯಾಂಡ್ ತೆಗೆಯುತ್ತಿದ್ದರು.

“ಅಣ್ಣ, ನೀವು ಯಾವ ಕಾಗದಕ್ಕೆ ಸಹಿ ಹಾಕಿದ್ದು?”

“ಬರಿಯೋಕ್ ಮುಂಚೆ ಕೇಳ್ದೇನವ್ವ ಅದ್ನ? ನನ್ನೊಂದ್ ಮಾತು ಕೇಳ್ಬಾರ್ದಾಗಿತ್ತಾ? ಆಯ್ತು ಬರೀ ತಾಯಿ, ನನ್ನೆಸ್ರು ಮಾತ್ರ ಬುಟ್ಬುಡು ಅಂತಿದ್ದೆ. ಇಲ್ಲ, ಯುಗಾದಿ ಕಳೀಲಿ ಅಂತಿದ್ದೆ. ಒಸಿ ದಿನ ಅಷ್ಟೇಯ.”

“ತಪ್ಪಾಯ್ತು ಅಣ್ಣ.”

“ನಿಂದೇನು ತಪ್ಪು, ನೀನು ಖಾಯಂ,” ಎಂದರು. ಬೈಯುವುದಕ್ಕಿಂತ ಹೆಚ್ಚಾಗಿ ಚುಚ್ಚಿತು. ನಾನು ಅಲ್ಲೇ ನಿಂತಿದ್ದುದನ್ನು ನೋಡಿ ಆಮೇಲೆ ಹೇಳಿದರು: “ಕಲ್ಲು ನೆಟ್ಟ ಮ್ಯಾಕೆ ಒಂದು ಇಂಗ್ಲೀಸ್ ಕಾಗ್ದ ಕೊಟ್ರು. ಸೈನಾಕು ಅಂದ್ರು, ಆಕ್ದೆ. ಅದ್ರ ಕಾರ್ಬನ್ ಕಾಪಿ ಮನೇಲೈತೆ.”

ಭಾನುವಾರ ಅವರ ಮನೆಗೆ ಹೋದೆ. ರೇಷನ್ ಕಾರ್ಡ್ ಇಟ್ಟಿದ್ದ ಪ್ಲಾಸ್ಟಿಕ್ ಕವರಿನಿಂದ ಆ ಕಾಗದ ತೆಗೆದು ಕೊಟ್ಟರು. ನಿಂತಲ್ಲೇ ಓದಿದೆ. ಗುರುತಿನ ಕಲ್ಲುಗಳನ್ನು ನೆಡಲಾಗಿದೆ, ಎಣಿಸಿ ನೋಡಲಾಗಿದೆ, ಒಡೆದವು ಯಾವುವೂ ಇಲ್ಲ. ಅಷ್ಟೇ. ಕೇಬಲ್ ಎಂಬ ಪದವೇ ಅದರಲ್ಲಿರಲಿಲ್ಲ. ಅವರು ಸಹಿ ಹಾಕಿದ್ದು ಕಲ್ಲಿಗೆ. ನಾನದನ್ನು ಕನ್ನಡದಲ್ಲಿ ಹೇಳಿದಾಗ ಅವರ ಹೆಂಡತಿ ಒಳಗಿನಿಂದ ಕೂಗಿದರು: “ಮತ್ತಿನ್ನೇನು! ಇವ್ರು ಕಲ್ಲೇ ಅಲ್ವಾ ಎಣ್ಸಿದ್ದು! ಆ ಮೀಸೆ ಮಾರಾಯ್ನಿಗೆ ಇಂಗ್ಲೀಸ್ ಬರಾಕಿಲ್ವಾ?”

ಮ್ಯಾನೇಜರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ನನ್ನ ಸಿಟ್ಟಿಗೆ ಕಾರಣವೇ ಅದು. ಅವರು ತಪ್ಪಾಗಿ ಓದಿರಲಿಲ್ಲ. ಎದುರಿಗಿರುವವರು ಓದಲಾರರು ಎಂದು ಲೆಕ್ಕ ಹಾಕಿದ್ದರು.

ಪಟ್ಟಿಯ ನಿಯಮ ಹೀಗಿತ್ತು: ಒಂದು ವಿವರದ ಬಗ್ಗೆ ತಕರಾರು ಎದ್ದರೆ, ಸಂಬಂಧವಿಲ್ಲದ ಇಬ್ಬರು ಸಾಕ್ಷ್ಯ ಕೊಡಬೇಕು. ಕೊಟ್ಟ ಮೇಲೆ ಕಂಪನಿ ಅದನ್ನು ತನಗೆ ಬೇಕಾದಂತೆ ತಿರುಗಿಸುವಂತಿಲ್ಲ. ನಾನು ಆ ಕಂಪನಿಯವಳು, ಆದ್ದರಿಂದ ನನ್ನ ಮಾತು ಲೆಕ್ಕಕ್ಕಿಲ್ಲ. ಮೇಲ್ ಬರೆದಿದ್ದ ದೂರದ ಸ್ವಯಂಸೇವಕರು ತಮ್ಮ ದೇಶದಿಂದಲೇ ಸಂದೇಶ ಕಳಿಸಿ ನೋಡಿ ಒಂದು ಸಾಕ್ಷ್ಯ ಕೊಟ್ಟರು. ಎರಡನೆಯದಕ್ಕೆ ಲೈನ್‌ಮನ್ನರ ಹೆಸರು ಹಾಕಲು ಹೋದೆ. ಅವರೀಗ ಕಂಪನಿಯವರಲ್ಲವಲ್ಲ! ಫಾರಂ ಒಪ್ಪಲಿಲ್ಲ. ಯಾವುದಾದರೊಂದು ಜಾಲದ ಕಂಪನಿಯ ಮೇಲ್ ವಿಳಾಸ ಬೇಕೆಂದು ಕೆಂಪಕ್ಷರದಲ್ಲಿ ಹೇಳಿತು. ಭೂಗೋಳದ ಇನ್ನೊಂದು ಬದಿಯಲ್ಲಿ ಕೂತು ಬೈರಮಂಗಲವನ್ನೇ ಕಾಣದವರ ಮಾತಿಗೆ ಅಲ್ಲಿ ಬೆಲೆಯಿತ್ತು. ಆ ಗುಂಡಿಯ ಪಕ್ಕದಲ್ಲಿ ನಿಂತು ಕೇಬಲ್ ಬಿಟ್ಟವರ ಮಾತಿಗೆ ಜಾಗವೇ ಇರಲಿಲ್ಲ. ನಾನು ಅಷ್ಟು ನಂಬಿದ್ದ ಪಟ್ಟಿಯ ಮೇಲೂ ಅವತ್ತು ನನಗೆ ಕೆಟ್ಟ ಕೋಪ ಬಂತು.

ಎರಡನೆಯ ಸಾಕ್ಷಿ ತಾನಾಗಿ ಬಂದಿತು. ಹಾರೋಹಳ್ಳಿಯ ಕಾರ್ಖಾನೆಯೊಂದರ ಎಂಜಿನಿಯರ್, ಕನಕಪುರದವರು, ನನಗೆ ಫೋನ್ ಮಾಡಿದರು. ಪಟ್ಟಿಯಲ್ಲಿ ಆಗುವ ಪ್ರತಿ ಬದಲಾವಣೆಯೂ ಎಲ್ಲರಿಗೂ ಕಾಣುತ್ತದೆ.

“ಮೇಡಂ, ಸೋಮವಾರ ನಿಮ್ದು ಒಂದು ಕೂಡು ಇತ್ತು, ಮಂಗಳವಾರ ಎರಡಾಗೈತೆ. ಮಧ್ಯರಾತ್ರೀಲಿ ಮರಿ ಹಾಕ್ತಾ?”

ಹೇಳಬಾರದೆಂದು ಮ್ಯಾನೇಜರ್ ತಾಕೀತು ಮಾಡಿದ್ದರು. ನಾನು ಹೇಳಿದೆ. ಅವರು ತಮ್ಮ ಕಾರ್ಖಾನೆಯ ಜೀಪಿನಲ್ಲಿ ಬೈರಮಂಗಲಕ್ಕೆ ಬಂದರು. ಲೈನ್‌ಮನ್ನರನ್ನು ನಾನು ಕರೆದಿರಲಿಲ್ಲ. ಇನ್ನೊಮ್ಮೆ ಅವರನ್ನು ಇದರೊಳಗೆ ಎಳೆಯುವ ಧೈರ್ಯ ನನಗಿರಲಿಲ್ಲ. ಆದರೆ ವಿಷಯ ತಿಳಿದು ಅವರೇ ಹಾರೆ ಹಿಡಿದು ಬಂದು ನಿಂತಿದ್ದರು. ಅಜ್ಜಿಯ ಹುಳ ಆಗಲೇ ಚಂದ್ರಿಕೆಗೆ ಹತ್ತಿದ್ದವು, ಅಡ್ಡಿಯಿರಲಿಲ್ಲ. ಯಾವ ಕಲ್ಲಿನ ಬುಡ ತೋಡಬೇಕೆಂದು ಎಂಜಿನಿಯರರೇ ಆರಿಸಲಿ ಎಂದರು ಲೈನ್‌ಮನ್. ಅವರು ತೋರಿಸಿದ ಮೂರು ಕಲ್ಲುಗಳ ಬುಡದಲ್ಲಿ ಎದೆಮಟ್ಟ ತೋಡಿದರು. ಕೆಂಪು ಮಣ್ಣು, ಅದರ ಕೆಳಗೆ ಜಲ್ಲಿಯಂಥ ಮಣ್ಣು, ಎಂದೂ ಯಾರೂ ಮುಟ್ಟದ್ದು.

“ನೋಡ್ಕಳಿ ಸಾ. ನಾನ್ ಸುಳ್ ಯೋಳಿಲ್ಲ,” ಎಂದರು ಗುಂಡಿಯೊಳಗಿಂದ. ನನ್ನ ಕಡೆ ನೋಡಲಿಲ್ಲ.

ಎಂಜಿನಿಯರ್ ಫೋಟೋ ತೆಗೆದುಕೊಂಡು ತಮ್ಮ ಕಾರ್ಖಾನೆಯ ಜಾಲದ ಹೆಸರಿನಲ್ಲಿ ಸಾಕ್ಷ್ಯ ಬರೆದರು. ಹಾರೋಹಳ್ಳಿಯ ಸಾಲು ಎರಡನೆಯ ಸಲ ಹೋಯಿತು, ಹೋದದ್ದು ಮತ್ತೆ ಬರಲಿಲ್ಲ.

ಮರುದಿನ ಆ ಕಾರ್ಬನ್ ಕಾಪಿ ಹಿಡಿದು ಮ್ಯಾನೇಜರ್ ಕೋಣೆಗೆ ಹೋದೆ. ಆ ಕಾರ್ಖಾನೆಯವರು ನಮ್ಮ ಮಾಲೀಕರಿಗೆ ಬರೆದಿದ್ದರಿಂದ ಮಾಲೀಕರೂ ಅಲ್ಲಿ ಕೂತಿದ್ದರು. ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಆಮೇಲೆ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದೆ. “ಇದರಲ್ಲಿ ಕೇಬಲ್ ಎಲ್ಲಿದೆ ಸರ್, ತೋರಿಸಿ,” ಎಂದೆ. ಮ್ಯಾನೇಜರ್ ತೋರಿಸಲಿಲ್ಲ. “ಎಲ್ಲೋ ಕಮ್ಯುನಿಕೇಶನ್ ಗ್ಯಾಪ್ ಆಗಿದೆ,” ಎಂದರು. ಮಾಲೀಕರು ಕೈಗಡಿಯಾರ ನೋಡಿಕೊಂಡು, ಅವನನ್ನು ಬರೋಕೆ ಹೇಳಿ, ಮುಂದಿನ ಸಲ ಎಚ್ಚರವಾಗಿರಿ ಎಂದು ಇಬ್ಬರಿಗೂ ಸೇರಿಸಿ ಹೇಳಿ ಎದ್ದರು. ಯಾರ ಎಚ್ಚರ, ಯಾವ ಮುಂದಿನ ಸಲ ಎಂದು ಕೇಳಬೇಕೆನಿಸಿತು. ಅವರು ಆಗಲೇ ಮೆಟ್ಟಿಲಿಳಿಯುತ್ತಿದ್ದರು.

ಲೈನ್‌ಮನ್ ಕೆಲಸಕ್ಕೆ ಬಂದರು. ಯುಗಾದಿ ಬಂತು. ಖಾಯಂ ಆದವರ ಹೆಸರು ನೋಟಿಸ್ ಬೋರ್ಡಿಗೆ ಹಚ್ಚಿದಾಗ ಅವರ ಹೆಸರಿರಲಿಲ್ಲ. ಒಳಗೆ ಹೋಗಿ ಯಾಕೆಂದು ಕೇಳಿದೆ.

“ಅವನ ಫೈಲಲ್ಲಿ ಆ ಸೈನ್ ಬಗ್ಗೆ ಒಂದು ರಿಮಾರ್ಕ್ ಇದೆಯಲ್ಲಮ್ಮ,” ಎಂದರು ಮ್ಯಾನೇಜರ್, ತಲೆಯೆತ್ತದೆ.

“ಅದು ಸುಳ್ಳು ಅಂತ ಇದೇ ಕೋಣೆಯಲ್ಲಿ ತೀರ್ಮಾನ ಆಯಿತಲ್ಲ ಸರ್.”

“ಬರೆದಿದ್ದನ್ನ ತೆಗೆಯೋಕೆ ಬರಲ್ಲ. ಹೆಡ್ಡಾಫೀಸಿಗೆ ಹೋಗಿಬಿಟ್ಟಿದೆ.”

“ಆ ಫೈಲ್ ನೋಡಬಹುದಾ?”

“ಅದು ಒಳಗಿನ ಕಾಗದ. ನೀವು ನೋಡೋದಲ್ಲ.”

ಲಿಖಿತವಾಗಿ ಕೇಳಿದೆ. ಮೂರು ಸಲ ಬರೆದೆ. ಉತ್ತರ ಬರಲಿಲ್ಲ. ಜಗತ್ತಿನ ಯಾವುದೋ ಮೂಲೆಯಲ್ಲಿರುವವರು ನಮ್ಮ ಊರಿನ ಒಂದು ತಂತಿಯ ಬಗ್ಗೆ ತಪ್ಪು ಬರೆದಿದೆ ಎಂದು ಕೇಳಬಹುದು, ಉತ್ತರ ಪಡೆಯಬಹುದು. ಮಹಡಿಯ ಕಪಾಟಿನೊಳಗೆ ಒಬ್ಬ ಮನುಷ್ಯನ ಬಗ್ಗೆ ತಪ್ಪು ಬರೆದು ಬೀಗ ಹಾಕಿದ್ದರೆ ಅದೇ ಮಹಡಿಯಲ್ಲಿ ಕೂತವಳು ಕೇಳುವಂತಿರಲಿಲ್ಲ. ಒಂದು ವರ್ಷದ ನಂತರ ನಾನು ಆ ಕೆಲಸ ಬಿಟ್ಟೆ. ಬಿಡುವಾಗಲೂ ಆ ರಿಮಾರ್ಕ್ ಅಲ್ಲೇ ಇತ್ತು, ಅವರು ಗುತ್ತಿಗೆಯಲ್ಲೇ ಇದ್ದರು.

ಬೋರ್ಡಿನಲ್ಲಿ ಹೆಸರಿಲ್ಲದ ವಿಷಯ ಬೇರೆಯವರಿಂದ ಲೈನ್‌ಮನ್ನರಿಗೆ ತಿಳಿಯಬಾರದು ಎಂದು ಆ ಯುಗಾದಿಯ ವಾರವೇ ಹುಡುಕಿಕೊಂಡು ಹೋಗಿದ್ದೆ. ಬಿಡದಿಯಲ್ಲಿ ಅಂಗಡಿ ಸಾಲಿನ ಮುಂದೆ ಕಂಬಕ್ಕೆ ಏಣಿ ಆನಿಸಿ ಮೇಲೆ ಹತ್ತಿ ಕೂತಿದ್ದರು. ಬಾಯಲ್ಲಿ ಕಟಿಂಗ್ ಪ್ಲೇಯರ್. ಕೆಳಗೆ ನಿಂತು ಹೇಳಿದೆ. ರಿಮಾರ್ಕಿನ ವಿಷಯವನ್ನೂ, ಅದರಲ್ಲಿ ಏನೆಂದು ಬರೆದಿದೆಯೋ ನನಗೆ ಗೊತ್ತಿಲ್ಲವೆಂಬುದನ್ನೂ ಹೇಳಿದೆ. ಅವರು ಪ್ಲೇಯರ್ ತೆಗೆದು ಕೈಗೆ ತೆಗೆದುಕೊಂಡರು.

“ಗೊತ್ತಾಯ್ತು ಕಣವ್ವ. ಬೋರ್ಡ್ ನೋಡ್ದೋರು ಫೋನ್ ಮಾಡಿದ್ರು.”

“ಆ ರಿಮಾರ್ಕ್ ತೆಗೀರಿ ಅಂತ ಮತ್ತೆ ಬರೀತೀನಿ ಅಣ್ಣ. ಈ ಸಲ ನಿಮ್ಮನ್ನ ಕೇಳಿ ಬರೀತೀನಿ.”

“ಬರೀವಂತೆ ಬುಡು,” ಎಂದರು. “ಈಗ ಆ ಏಣಿ ಒಸಿ ಹಿಡ್ಕೊ. ಆಗ್ಲಿಂದ ಅಳ್ಳಾಡ್ತಾ ಐತೆ, ಒಬ್ರಾದ್ರೂ ಬಂದು ಹಿಡಿಯಾಕಿಲ್ಲ.”

ಚೀಲವನ್ನು ಅಂಗಡಿಯ ಕಟ್ಟೆಯ ಮೇಲಿಟ್ಟು, ಎರಡೂ ಕೈಯಿಂದ ಏಣಿ ಹಿಡಿದು ನಿಂತೆ.